ಚಾಲಗೇಣಿ

ಮನಾಮಾದ ಹಳೇ ಪೇಟೆ, ವಾಚು ರಿಪೇರಿಯವನ ಮಗ್ಗುಲಿಗೆ
ಮಿರ್ಜಾ ಹಾಜಿಯ ಅಂಗಡಿ. ಕೌಂಟರಿನ ಹಿಂದೆ ನಾನು.
ಎರಡು ಸಾವಿರದ ಆರು, ರಂಜಾನಿಗೆ ವಾರ ಉಳಿದಿತ್ತು,
ದುಬೈಯಿಂದ ಬಂತು ಹನ್ನೆರಡು ಪೆಟ್ಟಿಗೆ ‘ಸದಫ್’.
ಅಂಗೈಯಲ್ಲಿ ಮಲಗುವಷ್ಟು, ಬೆನ್ನಿಗೆ ಚಿಪ್ಪಿನ ಹೊಳಪು,
ಒತ್ತಿದರೆ ನೀಲಿ ಕಣ್ಣು ಬಿಡುತ್ತಿತ್ತು.

ತಿಂಗಳಿಗೆ ಎರಡು ದಿನಾರ್.
ಎರಡು ದಿನಾರಿಗೆ ಎಷ್ಟು ಹಾಡು? ಎಷ್ಟು ಬೇಕೋ ಅಷ್ಟು.
ಹಾಗೆಂದರೆ? ಹಾಗೆಂದರೆ ಹಾಗೇ ಮಾರಾಯ,
ಹಿಂದಿ, ಅರಬಿ, ಮಲಯಾಳ,
ಕೆದಕಿದರೆ ಅಡಿಯಲ್ಲಿ ಕನ್ನಡವೂ ಒಂದು ಹಿಡಿ.

ಸಣ್ಣಕ್ಷರ ಓದಿದವನು ನಾನೊಬ್ಬನೇ.
ತಿಂಗಳಿಗೊಮ್ಮೆ ಕಂಪ್ಯೂಟರಿಗೆ ವಯರು ಚುಚ್ಚಿ
ಅಪ್ಪಣೆ ಪಡೆಯಬೇಕು. ತಪ್ಪಿದರೆ ಮೂವತ್ತೊಂದನೇ ದಿನ
ಹಾಡಿನ ಹೆಸರು ಇರುತ್ತದೆ, ಹಾಡು ಇರುವುದಿಲ್ಲ.

ಹೊಳೆಯಾಚೆಯ ಗದ್ದೆಗೆ ಹದಿನೆಂಟು ಮುಡಿ ಅಳೆಯುತ್ತಿದ್ದ
ನನ್ನಜ್ಜ ಹೇಳುತ್ತಿದ್ದ:
ಮೂಲಗೇಣಿಗೆ ಬೇರುಂಟು, ಚಾಲಗೇಣಿಗೆ ಬರೀ ಕಾಲು.
ಉಳುವವನೇ ಹೊಲದೊಡೆಯನಾದ ವರ್ಷ
ಅವನು ಗದ್ದೆಯ ಅಂಚಿನಲ್ಲಿ ಕೂತು ಎರಡು ಎಲೆ ಹೆಚ್ಚಿಗೆ ತಿಂದನಂತೆ.
ಕೇಳುವವನೇ ಹಾಡಿನೊಡೆಯ
ಎಂದು ಯಾವ ಸರಕಾರ ಹೇಳೀತು?

ಆದರೂ ಮಾರಿದೆ. ಚೆನ್ನಾಗಿಯೇ ಮಾರಿದೆ.
ಶುಕ್ರವಾರ ಸಂಜೆ ಅಂಗಡಿಯೆದುರು ಸಾಲು,
ಗಾರೆಯವರು, ಆಯಾಗಳು, ಹಡಗು ತೊಳೆಯುವವರು,
ಕೈಯಲ್ಲಿ ತಮ್ಮ ತಮ್ಮ ಚಿಪ್ಪು.
ಒಂದೊಂದಕ್ಕೂ ವಯರು ಚುಚ್ಚಿ ಹಸಿರು ಗೀಟು ತುಂಬುವವರೆಗೆ
ಯಾರೂ ಮಾತಾಡುತ್ತಿರಲಿಲ್ಲ,
ಔಷಧಿ ಅಂಗಡಿಯಲ್ಲಿ ನಿಂತ ಹಾಗೆ.
ನಗುತ್ತಿದ್ದೆ ನಾನು. ಎರಡು ವರ್ಷಕ್ಕೊಮ್ಮೆ
ಯಾವುದೋ ಕಚೇರಿಯಲ್ಲಿ ನನಗೂ ಹೀಗೇ
ಯಾರೋ ವಯರು ಚುಚ್ಚುತ್ತಾರೆ ಎಂಬುದು
ಆಗ ಹೊಳೆದಿರಲಿಲ್ಲ.

ಆಮೇಲೆ ಫೋನಿಗೇ ಬಾಯಿ ಬಂತು.
ಸಾಲು ಎಂಟು ಜನಕ್ಕಿಳಿಯಿತು, ಮೂರಕ್ಕಿಳಿಯಿತು.
ಕೊನೆಗೆ ಕಂಪನಿಯ ಕಾಗದ:
ಮಾರ್ಚ್ ಮೂವತ್ತೊಂದಕ್ಕೆ ಸೇವೆ ಮುಕ್ತಾಯ,
ಸಹಕಾರಕ್ಕೆ ಧನ್ಯವಾದ.
ಹಾಜಿ ಬೈಯಲಿಲ್ಲ. ಬಿಲ್ಲುಗಳ ಮೇಲಿಟ್ಟಿದ್ದ
ಹಿತ್ತಾಳೆಯ ಪುಟ್ಟ ಬಟ್ಟನ್ನು ಎತ್ತಿ ತೋರಿಸಿದ:
‘ನಮ್ಮಜ್ಜ ಮುತ್ತು ತೂಗುತ್ತಿದ್ದದ್ದು.
ಜಪಾನಿನವರು ಮುತ್ತು ಬೆಳೆಯತೊಡಗಿದರು,
ತಕ್ಕಡಿ ಹೋಯಿತು. ಇದನ್ನು ಮಾತ್ರ ಯಾರೂ ಕೊಳ್ಳಲಿಲ್ಲ.’
ಮತ್ತೆ ಅಲ್ಲೇ ಇಟ್ಟ. ಫ್ಯಾನಿನ ಗಾಳಿ ಜೋರಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ
ಕಣ್ಣಂಗಾರಿನ ಇಸ್ಮಾಲಿಚ್ಚ ಬಂದರು, ನೀರಿನ ಟ್ಯಾಂಕರಿನವರು.
‘ಎಂತದು ಇದು, ಮೂಗನಾಗಿದೆ?’
ಹೆಸರುಗಳನ್ನು ಉರುಳಿಸುತ್ತಾ ಹೋದೆ, ಮುನ್ನೂರ ಹನ್ನೆರಡು.
ಒತ್ತಿದಲ್ಲೆಲ್ಲ ಒಂದು ಸಣ್ಣ ಬೀಗದ ಚಿತ್ರ.
ತೀರಾ ಕೆಳಗೆ ಹೆಸರಿಲ್ಲದ್ದೊಂದು, ನಲವತ್ತು ನಿಮಿಷ.
ಜೇಬಿನೊಳಗೆ ಯಾವಾಗಲೋ ತಪ್ಪಿ ಒತ್ತಿದ್ದು.

ಒತ್ತಿದೆ.
ಖಾಲಿ ಕಬ್ಬಿಣಕ್ಕೆ ನೀರು ಬಡಿಯುವ ಸದ್ದು.
ಡಬಡಬ, ಡಬಡಬ, ಯಾರೋ ದೂರದಲ್ಲಿ ಕೆಮ್ಮಿದ್ದು,
ಪೈಪು ಸರಿದದ್ದು. ಹೊರಗೆ ಬಿಸಿಲು
ಅಂಗಡಿಯ ಗಾಜಿಗೆ ಅಂಟಿಕೊಂಡಿತ್ತು.
ಇಸ್ಮಾಲಿಚ್ಚ ಸ್ಟೂಲೆಳೆದು ಕೂತರು.
ಚಹಾ ಬಂತು, ಕೆನೆಗಟ್ಟಿತು, ಮುಟ್ಟಲಿಲ್ಲ.
ನೀರಿನ ದನಿ ಮೊದಲು ಆಳ, ಆಮೇಲೆ ದಪ್ಪ,
ಮೆಲ್ಲನೆ ತೆಳ್ಳಗಾಗುತ್ತಾ ಮೇಲೆ ಮೇಲೆ.

‘ಇದಕ್ಕೆಷ್ಟು?’
‘ಇದಕ್ಕೇನಿಲ್ಲ ಇಚ್ಚ, ಇದು ನಿಮ್ಮದೇ.’
ಕೈಯೆತ್ತಿ ನನ್ನನ್ನು ತಡೆದರು, ಕಣ್ಣು ಮುಚ್ಚಿಯೇ:
‘ಸ್ವಲ್ಪ ನಿಲ್ಲು.
ಈಗ ತುಂಬುತ್ತದೆ.’